ಬೋರ್ಡಿನಿಂದ ಈಚೆಗೆ

ತಗ್ಗಿನಹಾಳಿನ ಕಾಲನಿಯವರಿಗೆ ಊರು ಅಂದರೆ ಒಂದು ದಿಕ್ಕು. ಮೋರಿ ದಾಟಿ ನೂರೆಂಬತ್ತು ಹೆಜ್ಜೆ ನಡೆದರೆ ಊರು ಬರುತ್ತದೆ. ಚಾಪುಡಿ ತರಲು ಹೊರಟವರು "ಊರಿಗೆ ಹೋಗಿ ಬರ್ತೀನಿ" ಅನ್ನುತ್ತಾರೆ. ತಿರುಗಿ ಬಂದವರನ್ನು "ಊರಾಗ ಏನ್ ಸುದ್ದಿ?" ಎಂದು ಕೇಳುತ್ತಾರೆ. ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಓಟಿನ ಪಟ್ಟಿಯಲ್ಲಿ ಅವರೆಲ್ಲ ತಗ್ಗಿನಹಾಳಿನವರೇ. ಬಾಯಿಮಾತಿನಲ್ಲಿ ಮಾತ್ರ ಅವರು ಊರಿನವರಲ್ಲ. ಊರ ಹೊಲದ ಕಳೆ ತೆಗೆದು, ಊರ ಸತ್ತ ಎತ್ತು ಎಳೆದು, ಊರ ಚರಂಡಿಗೆ ಇಳಿದು ಮೂರು ತಲೆಮಾರು ಕಳೆದವರು ಊರನ್ನು ಕೈಚಾಚಿ ತೋರಿಸುವುದನ್ನಷ್ಟೇ ಚೆನ್ನಾಗಿ ಕಲಿತಿದ್ದರು.

ಈ ಅಭ್ಯಾಸ ಇಷ್ಟು ದುಬಾರಿ ಎಂದು ಮಾರೆಪ್ಪನಿಗೆ ಗೊತ್ತಾದದ್ದು ರೆಕ್ಕೆಗಳು ಬಂದ ಮೇಲೆ.

ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪನಿಯವರ ರೆಕ್ಕೆ ಅವು. ಒಂದೊಂದೂ ಎಪ್ಪತ್ತು ಮೀಟರು ಉದ್ದ. ಅದನ್ನು ಹೊರುವ ಟ್ರೈಲರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಒಂದು ಮದುವೆ ಪಂಗ್ತಿ ಕೂರಿಸಬಹುದು. ಹೆದ್ದಾರಿಯಿಂದ ಹನ್ನೊಂದು ಕಿಲೋಮೀಟರು ಇವುಗಳ ಮುಂದೆ ನಡೆದು ಬಂದವನು ಮಾರೆಪ್ಪ. ಕೈಯಲ್ಲಿ ಇಪ್ಪತ್ತಡಿ ಬಿದಿರಿನ ಗಳ. ತುದಿಗೆ ಕವಲು ಕೋಲು, ಕವಲಿಗೆ ಸೈಕಲ್ ಟ್ಯೂಬು. ರಸ್ತೆಗೆ ಅಡ್ಡ ಬಂದ ಪ್ರತಿ ವೈರನ್ನೂ ಎತ್ತಿ ಹಿಡಿಯಬೇಕು, ರೆಕ್ಕೆ ಕೆಳಗೆ ತೂರಿ ಹೋಗುವ ತನಕ ಅಲ್ಲಾಡಬಾರದು. ಮುಖ ಆಕಾಶಕ್ಕೆ, ಕಾಲಿನ ಭಾರ ದೇವರ ಮೇಲೆ. ಮೂರು ದಿನದಲ್ಲಿ ಅವನ ಕುತ್ತಿಗೆ ಸೆಟೆದು ಹೋಯಿತು. ಆಮೇಲೆ ಅವನು ಯಾರನ್ನು ನೋಡಿದರೂ ಗದ್ದ ಎತ್ತಿ ನೋಡುವಂತೆ ಕಾಣುತ್ತಿತ್ತು. "ಮಾರೆಪ್ಪಗ ಕಂಪನಿ ಸೊಕ್ಕು ಬಂದೈತಿ" ಎಂದು ಊರಲ್ಲಿ ಮಾತಾಯಿತು.

ಅಂದರೆ, ಮುಂದೆ ತನ್ನ ಕೇರಿಯ ಬಾಯಿಗೇ ಅಡ್ಡ ನಿಲ್ಲಲಿದ್ದ ಗಾಡಿಗಳನ್ನು ದಾರಿ ಮಾಡಿಕೊಟ್ಟು ಕರೆತಂದವನು ಅವನೇ.

ಗುಡ್ಡದ ಮೇಲೆ ಕ್ರೇನು ಕೆಟ್ಟಿತ್ತು. ಕ್ರೇನು ಸರಿಯಾಗುವ ತನಕ ಎರಡು ಗಾಡಿ ಎಲ್ಲಾದರೂ ನಿಲ್ಲಬೇಕು. ಮೊದಲು ಊರೊಳಗೇ ನಿಂತವು, ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ. ಸರಪಂಚಳ ಗಂಡ ಕೊಟ್ರಬಸಪ್ಪ ಗೌಡರ ಕಾರು ಎರಡು ದಿನ ಹೊರಗೆ ಬರಲಾಗಲಿಲ್ಲ. ಮೂರನೇ ದಿನ ಮೇಲಿನ ಆಫೀಸಿನಿಂದ ಆದೇಶ ಬಂತು. ಸರಕಾರಕ್ಕೆ ಅವಸರವೇ ಗೊತ್ತಿಲ್ಲ ಅನ್ನುವವರು ಆ ಕಾಗದ ನೋಡಬೇಕಿತ್ತು. ಪಂಚಾಯಿತಿ ಗೋಡೆಗೂ ಗಾಡಿಗಳ ಗಾಜಿಗೂ ಅದನ್ನು ಅಂಟಿಸಿದರು. ಆಂಧ್ರದ ಗಡಿಯ ಊರು, ಕಾಗದ ತೆಲುಗಿನಲ್ಲಿತ್ತು. ಮಾರೆಪ್ಪನ ಮಗಳು ನಾಗಜ್ಯೋತಿ ಇಂಟರ್ ಓದಿದವಳು. ಅವಳೇ ಓದಿ ಹೇಳಿದಳು: ಊರ ಹೆಸರಿನ ಬೋರ್ಡಿನಿಂದ ಒಳಕ್ಕೆ ಇಂಥ ಉದ್ದನೆ ಗಾಡಿಗಳು ನಿಲ್ಲತಕ್ಕದ್ದಲ್ಲ. ನಿಂತರೆ ಪರ್ಮಿಟ್ಟು ರದ್ದು.

ಊರ ಬೋರ್ಡು ಇದ್ದದ್ದು ಮೋರಿಯ ಪಕ್ಕ. ಅದರ ಆಚೆಗೆ ಊರು. ಈಚೆಗೆ ಕಾಲನಿ.

ಗಾಡಿಗಳು ಹಿಂದಕ್ಕೆ ಬಂದವು. ಮೊದಲನೆಯದರ ಮೂತಿ ಸರಿಯಾಗಿ ಬೋರ್ಡಿನ ಕಾಲಿಗೆ. ಅದರ ಬಾಲ ಸರಿಯಾಗಿ ಕಾಲನಿಯ ಬಾಯಿಗೆ. ಅದರ ಬೆನ್ನಿಗೇ ಎರಡನೆಯದು. ಕಾಲನಿಗೆ ಇರುವುದು ಒಂದೇ ಬಾಯಿ. ಎಡಕ್ಕೂ ಬಲಕ್ಕೂ ಗೌಡರ ಉಳ್ಳಾಗಡ್ಡಿ ಹೊಲ, ಹೊಲಕ್ಕೆ ಕರೆಂಟಿನ ಬೇಲಿ, ಬೇಲಿ ಡಾಂಬರಿನ ಅಂಚಿನ ತನಕ. ಹಿಂದೆ ಹಳ್ಳ, ಹಳ್ಳದ ತುಂಬ ಜಾಲಿ. ಹೊರಗೆ ಹೋಗಬೇಕಾದವರು ಗಾಡಿಯ ಕೆಳಗೆ ನುಸುಳಬೇಕು. ಅಡಿಯ ಕಬ್ಬಿಣಕ್ಕೂ ನೆಲಕ್ಕೂ ಎರಡೂವರೆ ಅಡಿ ಸಂದು.

ನುಸುಳಿದರು. ಹತ್ತಿ ಬಿಡಿಸಲು ಹೋಗುವ ಹೆಂಗಸರು ಬುತ್ತಿ ಮೊದಲು ತಳ್ಳಿ ಆಮೇಲೆ ತಾವು ನುಸುಳಿದರು. ತುಂಬಿದ ನೀರಿನ ಕೊಡ ಆಚೆ ಇಟ್ಟು, ಈಚೆ ನುಸುಳಿ, ಕೈ ಚಾಚಿ ಕೊಡ ಎಳೆದುಕೊಂಡರು. ಬಿಳಿ ಅಂಗಿಯ ಮುದುಕರು ಅಂಗಿ ಬಿಚ್ಚಿ ಹಿಡಿದು ನುಸುಳಿದರು. ಮದುವೆಗೆ ನಿಂತ ಒಬ್ಬ ಹುಡುಗ ಹೆಣ್ಣು ನೋಡಲು ನುಸುಳಿಯೇ ಹೋದ, ಬೆನ್ನಿಗೆ ಗ್ರೀಸು ಹತ್ತಿದ್ದು ಹುಡುಗಿಯ ಮನೆಯಲ್ಲಿ ತಿರುಗಿ ನಿಂತಾಗ ಗೊತ್ತಾಯಿತು.

ಐದನೇ ದಿನ ನಾಗಜ್ಯೋತಿ ಗಾಡಿ ತೆಗೆಸಿ ಎಂದು ಅರ್ಜಿ ಬರೆದಳು. ಆಶ್ಚರ್ಯವೆಂದರೆ ಪರ್ಮಿಟ್ಟಿನ ಆಫೀಸಿನಿಂದ ಸಾಹೇಬರು ಬಂದರು. ಚಂದ್ರಮೋಹನ್ ಅಂತ ಹೆಸರು. ಜೀಪಿನಿಂದ ಇಳಿದು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಮುಂದೆ ನಿಂತಿದ್ದ ಮಾರೆಪ್ಪನನ್ನು, ನಿಮ್ಮ ಊರು ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು:

"ಏಮಯ್ಯಾ, ಮೀ ಊರು ಎಕ್ಕಡ?"

ಮಾರೆಪ್ಪ ಕೈಚಾಚಿ ಮೋರಿಯ ಆಚೆ ತೋರಿಸಿದ. "ಊರು ಅಲ್ಲೈತ್ರಿ ಸಾರ್."

"ಅಂಟೇ ಇದಿ ಊರು ಕಾದು."

ಹಾಗಾದರೆ ಇದು ಊರಲ್ಲ. ಸಾಹೇಬರು ಅದನ್ನೇ ಬರೆದುಕೊಂಡರು. ಗಾಡಿಗಳು ಊರ ಹೊರಗಿವೆ, ಅರ್ಜಿದಾರರ ತಂದೆಯೇ ಒಪ್ಪಿದ್ದಾರೆ, ನಿಯಮದ ಉಲ್ಲಂಘನೆ ಕಂಡುಬಂದಿಲ್ಲ. ಮಾರೆಪ್ಪನ ಹೆಬ್ಬೆಟ್ಟು ತಗೊಂಡರು. ಕಂಪನಿಯ ಸೂಪರ್‌ವೈಸರ್ ಸೂರಿ ಇಂಕಿನ ಡಬ್ಬಿ ಹಿಡಿದಿದ್ದ.

ಆ ಸಂಜೆ ನಾಗಜ್ಯೋತಿ ಅಪ್ಪನ ಮುಂದೆ ತಟ್ಟೆ ಕುಕ್ಕಿದಳು. ರೊಟ್ಟಿ ಇಟ್ಟು ಎದ್ದು ಹೋದಳು. "ಏನವ್ವಾ, ಸುಳ್ಳು ಹೇಳ್ಬೇಕಿತ್ತೇನು?" ಎಂದು ಅವನು ಕೇಳಿದ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅವನ ಹೆಂಡತಿ ಪಕೀರಮ್ಮನಿಗೆ ಎರಡೂ ಕಿಡ್ನಿ ಹೋಗಿದ್ದವು. ಸೋಮವಾರ, ಗುರುವಾರ ಆದೋನಿಗೆ ಹೋಗಿ ರಕ್ತ ತೊಳೆಯುವ ಮಿಷಿನ್ನಿಗೆ ಮಲಗಬೇಕು. ಬೆಳಿಗ್ಗೆ ಹನ್ನೊಂದರಿಂದ ಮೂರು ಅವಳ ಪಾಳಿ. ಎಡಗೈಯಲ್ಲಿ ನರಕ್ಕೆ ನರ ಹೊಲಿದಿದ್ದರು, ಅಲ್ಲಿ ಕೈಯಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ರಕ್ತ ಗುರುಗುಟ್ಟುವುದು. "ಆ ಬೆಕ್ಕು ಸುಮ್ನಾದ್ರ ನೀನೂ ಸುಮ್ನಾಗ್ತೀ" ಎಂದು ನರ್ಸಮ್ಮ ಹೇಳಿದ್ದಳು. ಕೈಗೆ ಭಾರ ಹಾಕಬಾರದು, ಒತ್ತಬಾರದು. ಮಂಡಿಯೂರಿ ನುಸುಳಬೇಕಾದರೆ ಕೈಗೆ ಭಾರ ಹಾಕದೆ ಹೇಗೆ?

ಮಾರೆಪ್ಪ ಗೋಣಿತಟ್ಟು ಹಾಸಿ, ಅದರ ಮೇಲೆ ಅವಳನ್ನು ಅಂಗಾತ ಮಲಗಿಸಿ, ಆಚೆಯಿಂದ ಎಳೆಯುತ್ತಿದ್ದ. ಹತ್ತಿ ಮೂಟೆ ಎಳೆದ ಹಾಗೆ. ಮೊದಲ ಸಲ ಅವಳು ನಕ್ಕಳು. "ನಾ ಸತ್ತ ಮ್ಯಾಗ ಎಳಿಯೋದು ಈಗ್ಲೇ ಕಲ್ತುಬಿಟ್ಟಿ." ಎರಡನೇ ಸಲ ಕಣ್ಣು ಮುಚ್ಚಿಕೊಂಡಳು. ನಾಲ್ಕನೇ ಸಲ ಅವಳು ನಡುವೆ ಇದ್ದಾಗ ಆಚೆ ಡ್ರೈವರು ಸ್ನಾನಕ್ಕೆ ನಿಂತಿದ್ದ. ಸೋಪಿನ ನೀರು ಅವಳ ಬೆನ್ನ ಕೆಳಗೆ ಹರಿಯಿತು, ಕೂದಲೊಳಗೆ ಹೋಯಿತು. ಡ್ರೈವರು ಕೆಟ್ಟವನಲ್ಲ. ಬಿಹಾರದ ಕಡೆಯವನು. ಕೆಳಗೆ ಮನುಷ್ಯರಿದ್ದಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ "ಸಾರಿ ಮಾಜೀ" ಅಂದ. ಗಾಬರಿಯಲ್ಲಿ ಮಾರೆಪ್ಪ ಜೋರಾಗಿ ಎಳೆದ. ಅವಳ ಎಡಗೈ ಕಬ್ಬಿಣಕ್ಕೆ ಉಜ್ಜಿತು. ಆದೋನಿಯಲ್ಲಿ ನರ್ಸಮ್ಮ ಊದಿದ ಕೈ ನೋಡಿ ಬೈದಳು. ಹೇಗಾಯಿತು ಎಂದು ಕೇಳಿದಳು. ಪಕೀರಮ್ಮ ಹೇಳಲಿಲ್ಲ. ಗಾಡಿ ಕೆಳಗೆ ನುಸುಳಿದೆ ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು. ನಾಚಿಕೆ ಯಾವಾಗಲೂ ತಪ್ಪು ವಿಳಾಸಕ್ಕೇ ಬಟವಾಡೆಯಾಗುತ್ತದೆ.

ಹತ್ತೊಂಬತ್ತನೇ ದಿನ ಸೋಮವಾರ.

ಬೆಳಿಗ್ಗೆ ಎಂಟೂವರೆ. ಆಚೆಗೆ ಬಜಾರಪ್ಪನ ಆಟೋ ಬಂದು ಹಾರ್ನು ಹೊಡೆಯಿತು. ಮಾರೆಪ್ಪ ಗೋಣಿತಟ್ಟು ಹಾಸಿದ. ಪಕೀರಮ್ಮ ಗಾಡಿಯ ತನಕ ಬಂದಳು. ಬಂದು, ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಕಾಲು ಕುಂಬಳಕಾಯಿಯಂತೆ ಊದಿದ್ದವು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಹುಡುಕಬೇಕಿತ್ತು.

"ಮಲಗು, ಪಕೀರಿ. ಹೊತ್ತಾತು."

"ಇಲ್ಲ."

"ಏನ್ ಇಲ್ಲ?"

"ನಾ ನುಸುಳಂಗಿಲ್ಲ."

ಅವನಿಗೆ ಕೇಳಿಸಲಿಲ್ಲವೋ ಏನೋ, ತಟ್ಟಿನ ಸುಕ್ಕು ಸರಿಮಾಡಿದ. "ಮೆತ್ತಗ ಎಳಿತೀನಿ. ಕೈ ಎದಿ ಮ್ಯಾಲ ಇಟ್ಕೋ."

"ಮೆತ್ತಗೂ ಬ್ಯಾಡ. ಗಟ್ಟಿಗೂ ಬ್ಯಾಡ. ನಾಯಿ ನುಸುಳ್ತೈತಿ. ಹಂದಿ ನುಸುಳ್ತೈತಿ. ನಾ ಕುಂತೇ ಹೋಗಾಕಿ. ಆಟೋ ಇಲ್ಲಿಗೆ ಬಂದ್ರ ಹೋಗ್ತೀನಿ. ಇಲ್ಲಾಂದ್ರ ಇಲ್ಲೇ ಇರ್ತೀನಿ."

"ಇಲ್ಲೇ ಇದ್ರ ಸಾಯ್ತೀ."

"ಹೌದು. ಕುಂತು ಸಾಯ್ತೀನಿ."

ನಾಗಜ್ಯೋತಿ ಅವ್ವನ ಕಾಲು ಹಿಡಿದಳು. ಮಾರೆಪ್ಪ ಬೈದ. ಅತ್ತ. ಕೈ ಮುಗಿದ. ಆಚೆಯಿಂದ ಬಜಾರಪ್ಪ ಬಗ್ಗಿ, ಗಾಲಿಗಳ ನಡುವೆ ಮುಖವಿಟ್ಟು, "ಯಕ್ಕಾ, ಇದೊಂದು ಸಲ ಬಾರಬೇ, ಮುಂದಿನ ಸಲ ನೋಡೋಣು" ಅಂದ. ಅವಳು ಆ ಮುಖವನ್ನು ನೋಡಿ ಹೇಳಿದಳು: "ನೀನೂ ಬಗ್ಗಬ್ಯಾಡೋ ತಮ್ಮಾ. ಎದ್ದು ನಿಲ್ಲು."

ಸೂರಿ ಎರಡನೇ ಗಾಡಿಯ ನೆರಳಲ್ಲಿ ಇಡ್ಲಿ ತಿನ್ನುತ್ತಿದ್ದ. ಮಾರೆಪ್ಪ ನುಸುಳಿ ಅವನ ಮುಂದೆ ನಿಂತ.

"ಸೂರಿ ಸಾರ್, ಇಪ್ಪತ್ತು ಹೆಜ್ಜಿ. ಇಪ್ಪತ್ತೇ ಹೆಜ್ಜಿ ಮುಂದಕ ತಗೊಳ್ರಿ. ಬಾಯಿ ಬಿಡ್ತೈತಿ. ಆಟೋ ಒಳಗ ಬಂದು ಆಕೀನ ಕರ್ಕೊಂಡು ಹೋಗ್ಲಿ. ಆಮ್ಯಾಲ ಹಿಂದಕ ಬಿಡ್ರಿ."

"ಮಾರೆಪ್ಪಾ, ಮುಂದ ಬೋರ್ಡ್ ಐತಲ್ಲ. ದಾಟಿದ್ರ ಪರ್ಮಿಟ್ ಹೋಗ್ತೈತಿ."

"ಹಂಗಾದ್ರ ಹಿಂದಕ ತಗೊಳ್ರಿ."

"ಅವತ್ತು ಆದೇಶ ಇತ್ತು, ಹಿಂದಕ ಬಂದ್ವಿ. ಈಗ ರಿವರ್ಸಿಗೆ ಪರ್ಮಿಟ್ಟೇ ಇಲ್ಲ. ಪರ್ಮಿಟ್ ಮುಂದಕ್ ಮಾತ್ರ." ಸೂರಿ ಇಡ್ಲಿ ಕೆಳಗಿಟ್ಟ. ಅವನೂ ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಸಿಗುವುದು ಕಷ್ಟ, ಎಲ್ಲರ ಹತ್ತಿರವೂ ಕಾಗದ ಇದೆ. "ನಾನೇನ್ ಮಾಡ್ಲಿ? ರೂಲು ರೂಲೇ ಕದಾ. ಊರೊಳಗ ಇದ್ದಿದ್ರ ಬ್ಯಾರೆ ಮಾತು. ಊರ ಹೊರಗ ನಿಲ್ಲಿಸಬೌದು ಅಂತ ನೀನೇ ಸಾಹೇಬ್ರಿಗೆ ಹೇಳೀಯಲ್ಲ."

ಮಾರೆಪ್ಪ ಅಲ್ಲೇ ನಿಂತ. ಗದ್ದ ಮೇಲಕ್ಕಿತ್ತು. ಕಣ್ಣು ಬೋರ್ಡಿನ ಮೇಲೆ ಬಿತ್ತು.

ಹಸಿರು ತಗಡು, ಬಿಳಿ ಅಕ್ಷರ, ಎರಡು ಪೈಪಿನ ಕಾಲು. ನಾಲ್ಕು ವರ್ಷದ ಹಿಂದೆ ಅದಕ್ಕೆ ಗುಂಡಿ ತೋಡಿದವನು ಅವನೇ. ಎರಡಡಿ ಆಳಕ್ಕೆ ತೋಡು ಅಂದಿದ್ದರು. ಒಂದಡಿಗೇ ಸಾಕು ಎಂದು ಮೇಸ್ತ್ರಿ ನಿಲ್ಲಿಸಿದ್ದ. ಎಷ್ಟು ಸಿಮೆಂಟು ಬರೆದಿದ್ದರು, ಎಷ್ಟು ಹಾಕಿದ್ದರು, ಎರಡನ್ನೂ ಬಲ್ಲವನು ಅವನೊಬ್ಬ. ಹತ್ತೊಂಬತ್ತು ದಿನದಿಂದ ಅವನ ಹೆಂಡತಿಯ ಉಸಿರನ್ನು ಹಿಡಿದು ನಿಂತಿದ್ದದ್ದು ಆ ಒಂದಡಿ ಗುಂಡಿ.

ಅವನು ನುಸುಳಿ ಮನೆಗೆ ಹೋದ. ಹಾರೆ ತಗೊಂಡ. ಮತ್ತೆ ನುಸುಳಿದ. ಅವನ ಹಿಂದೆ ನಾಗಜ್ಯೋತಿ, ಅವಳ ಹಿಂದೆ ಹತ್ತಿಗೆ ಹೊರಟಿದ್ದ ಐದು ಹೆಂಗಸರು. ಏನು ಮಾಡುತ್ತಾನೆಂದು ಯಾರೂ ಕೇಳಲಿಲ್ಲ. ಮೂರು ಮೀಟಿಗೆ ಎಡಗಾಲು ಎದ್ದಿತು. ಬಲಗಾಲಿಗೆ ಮೀಟೂ ಬೇಕಾಗಲಿಲ್ಲ. ಹೆಂಗಸರು ಬೋರ್ಡನ್ನು ಹೆಗಲಿಗೆ ಹಾಕಿಕೊಂಡರು. ಮೊದಲ ಗಾಡಿ ದಾಟಿದರು. ಎರಡನೇ ಗಾಡಿ ದಾಟಿದರು. ಸೂರಿ ಎದ್ದು "ಏಯ್, ಏಯ್" ಎನ್ನುತ್ತ ಹಿಂದೆ ಓಡಿದ, ಕೈಯಲ್ಲಿ ಚಟ್ನಿ. ಕಾಲನಿಯ ಕೊನೆ ಗೋಡೆಯೂ ಮುಗಿದ ಮೇಲೆ ಮಾರೆಪ್ಪ ನಿಂತು ನೆಲಕ್ಕೆ ಹಾರೆ ಹಾಕಿದ. ಈ ಸಲ ಎರಡಡಿ ತೋಡಿದ. ಕುತ್ತಿಗೆ ಬಗ್ಗುತ್ತಿರಲಿಲ್ಲ, ಗುಂಡಿ ನೋಡದೆಯೇ ತೋಡಿದ. ಕಾಲು ಇಳಿಸಿ, ಕಲ್ಲು ಜಡಿದು, ಮಣ್ಣು ತುಳಿದರು.

ನಾಗಜ್ಯೋತಿ ಬೋರ್ಡೂ ಗಾಡಿಗಳೂ ಒಟ್ಟಿಗೆ ಬೀಳುವ ಹಾಗೆ ಫೋಟೋ ತೆಗೆದಳು. ಆದೇಶದ ಕೆಳಗೆ ದೂರಿಗೆಂದು ಒಂದು ನಂಬರು ಇತ್ತು. ಅದಕ್ಕೆ ಕಳಿಸಿದಳು. ಆಮೇಲೆ ಸೂರಿಯ ಕಡೆ ತಿರುಗಿದಳು.

"ಅಣ್ಣಾ, ಈಗ ನಿಮ್ಮ ಎರಡೂ ಗಾಡಿ ಊರೊಳಗ ಅದಾವು. ಎಲ್ಲಿ ನಿಂತ್ರೂ ತಪ್ಪೇ. ತಪ್ಪು ಮಾಡೋದೇ ಆದ್ರ ಇಪ್ಪತ್ತು ಹೆಜ್ಜಿ ಮುಂದ ಹೋಗಿ ಮಾಡ್ರಿ."

ಸೂರಿ ಸಾಹೇಬರಿಗೆ ಫೋನು ಹಚ್ಚಿದ. ಅವರು ಬರುವ ತನಕ ಗಾಡಿ ಮುಟ್ಟುವುದಿಲ್ಲ ಎಂದ.

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಪಾಳಿ ಹೋಯಿತು. ಪಕೀರಮ್ಮ ಕಲ್ಲಿನ ಮೇಲೆ ಕೂತೇ ಇದ್ದಳು, ತುಟಿ ನೀಲಿಗಟ್ಟಿತ್ತು. ಯಾರೋ ನೀರು ತಂದರು. ಅವಳು ನೀರು ಕುಡಿಯುವಂತಿಲ್ಲ ಎಂದು ನೆನಪಾಗಿ ತಾವೇ ಕುಡಿದರು.

ಸಾಹೇಬರಿಗಿಂತ ಮೊದಲು ಕೊಟ್ರಬಸಪ್ಪ ಗೌಡರು ಬಂದರು, ಬೈಕಿನ ಮೇಲೆ. ಹಿಂದೆ ನಾಲ್ಕು ಮಂದಿ.

"ಏನಲೇ ಮಾರ್ಯಾ, ಊರನ್ನ ಹೊತ್ಕೊಂಡು ಬಂದೀಯಂತ?"

"ಭಾರ ಏನಿಲ್ರಿ ಗೌಡ್ರ. ಐದು ಮಂದಿ ಹೆಣಮಕ್ಳು ಹೊತ್ರು."

"ನಗಬ್ಯಾಡ. ಊರು ಎಲ್ಲಿಂದ ಎಲ್ಲೀತನ ಅಂತ ನೀ ಹೇಳ್ತೀಯೇನು? ನಿಮ್ಮಪ್ಪ ಹೇಳಿದ್ನೇನು?"

"ನಮ್ಮಪ್ಪ ಹೇಳ್ಲಿಲ್ರಿ. ಅದಕ್ಕ ಹಿಂಗಾಗೈತಿ."

ನಾಲ್ಕು ಮಂದಿ ಬೋರ್ಡಿನ ಕಡೆ ಹೆಜ್ಜೆ ಇಟ್ಟರು. ಐದು ಹೆಂಗಸರು ಬೋರ್ಡಿನ ಕಾಲಿಗೆ ಒರಗಿ ಕೂತು ಬುತ್ತಿ ಬಿಚ್ಚಿದರು. ಅವರನ್ನು ಮುಟ್ಟದೆ ಬೋರ್ಡು ಮುಟ್ಟುವಂತಿರಲಿಲ್ಲ. ಮುಟ್ಟದಿರುವುದನ್ನು ಆ ನಾಲ್ವರಿಗೆ ಹುಟ್ಟಿನಿಂದ ಕಲಿಸಿದ್ದರು. ಆ ಪಾಠ ಕಾಲನಿಯವರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಹನ್ನೆರಡೂವರೆಗೆ ಜೀಪು ಬಂತು. ಚಂದ್ರಮೋಹನ್ ಸಾಹೇಬರು ಬೋರ್ಡು ನೋಡಿದರು, ಗಾಡಿ ನೋಡಿದರು, ಗೌಡರನ್ನು ನೋಡಿದರು. ಫೋಟೋ ಮೇಲಿನವರಿಗೆ ಮುಟ್ಟಿತ್ತು. ಮೇಲಿನವರಿಗೆ ತಗ್ಗಿನಹಾಳು ಎಲ್ಲಿಂದ ಶುರು ಎಂದು ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಬೋರ್ಡು, ಬೋರ್ಡಿನ ಒಳಗೆ ಗಾಡಿ. ಏನದು ಎಂದು ಸಾಹೇಬರನ್ನು ಕೇಳಿದ್ದರು. ಸಾಹೇಬರಿಗೆ ಒಂದು ಹೇಳಿಕೆ ಬೇಕಿತ್ತು. ಹಳೆಯ ಹೇಳಿಕೆಯೇ ಇನ್ನೊಮ್ಮೆ ಸಿಕ್ಕರೆ ಸಾಕು.

ಅವರು ಬಗ್ಗಿ, ಪ್ಯಾಂಟು ಎತ್ತಿಕೊಂಡು, ಗಾಡಿಯ ಕೆಳಗೆ ನುಸುಳಿ ಕಾಲನಿಯ ಒಳಗೆ ಬಂದರು. ಹತ್ತೊಂಬತ್ತು ದಿನದಲ್ಲಿ ಅವರು ನುಸುಳಿದ್ದು ಅದೊಂದೇ ಸಲ. ಎದ್ದಾಗ ಮಂಡಿಗೆ ಗ್ರೀಸು ಹತ್ತಿತ್ತು. ಮಾರೆಪ್ಪ ಹೆಂಡತಿಯ ಪಕ್ಕ ನಿಂತಿದ್ದ. ನಿಜ ಹೇಳು ಎಂದು ಸಾಹೇಬರು ಅದೇ ಪ್ರಶ್ನೆ ಕೇಳಿದರು.

"ನಿಜಂ ಚೆಪ್ಪಯ್ಯಾ. ಮೀ ಊರು ಎಕ್ಕಡ?"

ಮಾರೆಪ್ಪನ ಕೈ ಎದ್ದಿತು. ಅದಕ್ಕೆ ಐವತ್ತೆರಡು ವರ್ಷದ ರೂಢಿ. ಅದು ಅವನನ್ನು ಕೇಳಲಿಲ್ಲ. ಎದ್ದು, ಮೋರಿಯ ಕಡೆ ತಿರುಗಿತು. ಗೌಡರು ಗಾಡಿಯಾಚೆ ನಿಂತು ಅದನ್ನು ನೋಡಿದರು. ಸಾಹೇಬರು ಪೆನ್ನು ತೆಗೆದರು.

ಪಕೀರಮ್ಮ ಕೂತಲ್ಲಿಂದಲೇ ಆ ಕೈಯನ್ನು ಹಿಡಿದಳು. ಎಡಗೈಯಿಂದ ಹಿಡಿದಳು, ಭಾರ ಹಾಕಬಾರದೆಂದು ಹೇಳಿದ್ದ ಕೈಯಿಂದ. ಎಳೆದಳು. ಅವನ ಮಣಿಕಟ್ಟಿಗೆ ಅವಳ ರಕ್ತ ಗುರುಗುಟ್ಟುವುದು ತಾಗಿತು. ಬೆರಳು ಮೋರಿಯಿಂದ ಇಳಿಯಿತು, ಗಾಡಿಯಿಂದ ಇಳಿಯಿತು, ತಮ್ಮಿಬ್ಬರ ಕಾಲ ನಡುವಿನ ಮಣ್ಣಿಗೆ ಬಂದು ನಿಂತಿತು.

"ಇಲ್ರಿ," ಅಂದ ಮಾರೆಪ್ಪ. "ಇದೇ ಊರು. ಇಕ್ಕಡೇ ಸಾರ್."

ಸಾಹೇಬರು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು. ಪಕೀರಮ್ಮನ ತುಟಿ ನೋಡಿದರು. ಈ ಹೆಂಗಸು ಇಲ್ಲಿ ಸತ್ತರೆ ಯಾವ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿರಬೇಕು. ಕೊನೆಗೆ ಸೂರಿಗೆ ಹೇಳಿದರು: "ಮುಂದು ಬಂಡಿ ತೀಯಿ. ತರುವಾತ ಚೂದ್ದಾಂ." ಮೊದಲು ಗಾಡಿ ತೆಗಿ. ಆಮೇಲೆ ನೋಡೋಣ.

ಮುಂದೆ ಮೋರಿಯ ಮೇಲೆ ಒಂದು ವೈರು ಜೋತುಬಿದ್ದಿತ್ತು. ಸೂರಿ ಮಾರೆಪ್ಪನ ಮುಖ ನೋಡಿದ. ಮಾರೆಪ್ಪ ನುಸುಳಿ ಹೋಗಿ ಗಳ ತಗೊಂಡ, ವೈರು ಎತ್ತಿ ಹಿಡಿದ. ಬಿಳಿ ರೆಕ್ಕೆ ಅವನ ತಲೆಯ ಮೇಲೆ ಮೆಲ್ಲಗೆ ಸರಿಯಿತು. ಬೋರ್ಡು ಕಿತ್ತ ಗುಂಡಿಯನ್ನು ಮುಂದಿನ ಗಾಲಿ ತುಳಿದುಕೊಂಡು ಹೋಯಿತು. ಇಪ್ಪತ್ತು ಹೆಜ್ಜೆ. ಅವನು ಎಣಿಸಿದ. ಕಾಲನಿಯ ಬಾಯಿ ತೆರೆಯಿತು. ಬಜಾರಪ್ಪನ ಆಟೋ ಒಳಗೆ ಬಂದು ಕಲ್ಲಿನ ಮುಂದೆ ನಿಂತಿತು. ಪಕೀರಮ್ಮ ಎದ್ದಳು. ಬಗ್ಗದೆ ಹತ್ತಿದಳು, ಅಥವಾ ಹತ್ತಲು ಎಷ್ಟು ಬಗ್ಗಲೇಬೇಕೋ ಅಷ್ಟೇ ಬಗ್ಗಿದಳು.

ಒಂದು ಗಂಟೆ ದಾಟಿತ್ತು.

ನಾಗಜ್ಯೋತಿ ಅವ್ವನ ತಲೆ ಎದೆಗೊರಗಿಸಿಕೊಂಡು ಆದೋನಿಗೆ ಫೋನು ಮಾಡಿದಳು. ಪಾಳಿ ಇನ್ನೊಬ್ಬರಿಗೆ ಹೋಗಿದೆ, ಸಂಜೆ ಮಿಷಿನ್ನು ಖಾಲಿಯಾದರೆ ನೋಡೋಣ, ಹೇಳಲಾಗದು ಎಂದರು. ಈಗ ಎಲ್ಲಿದ್ದೀರಿ ಎಂದು ಕೇಳಿದರು. ಆಟೋ ಎರಡನೇ ಗಾಡಿಯನ್ನು ದಾಟುತ್ತಿತ್ತು. ಹಸಿರು ತಗಡು, ಬುತ್ತಿಯ ಹೆಂಗಸರು, ಎಲ್ಲ ಪಕ್ಕದಲ್ಲಿ ಸರಿದು ಹಿಂದಾದರು.

"ಈಗ ಊರು ಬಿಟ್ವಿರಿ" ಅಂದಳು.

ಬಜಾರಪ್ಪನ ಪಕ್ಕ ಕೂತಿದ್ದ ಮಾರೆಪ್ಪನಿಗೆ ಆ ಮಾತು ಕೇಳಿಸಿತು. ತಿರುಗಿ ನೋಡಬೇಕೆನಿಸಿತು. ಕುತ್ತಿಗೆ ತಿರುಗಲಿಲ್ಲ. ಹಿಂದೆ ಬೋರ್ಡಿನ ಕಡೆಯಿಂದ ಕಬ್ಬಿಣ ಕಲ್ಲಿಗೆ ತಾಗುವ ಸದ್ದು ಒಮ್ಮೆ ಬಂತು, ಹೆಂಗಸರ ಕೂಗು ಬಂತು, ಆಟೋದ ಸದ್ದಿನಲ್ಲಿ ಎರಡೂ ಮುಳುಗಿದವು.

ಪಕೀರಮ್ಮ ಕಣ್ಣು ತೆರೆಯದೆ ಕೇಳಿದಳು. "ನಮ್ಮ ಹಾರಿ... ಅಲ್ಲೇ ಬಿಟ್ಟು ಬಂದ್ಯೇನು?"

"ಇಲ್ಲ. ಸೀಟಿನ ಕೆಳಗ ಐತಿ."

ಅವಳು ಉಸಿರು ಹುಡುಕಿದಳು. ಸಿಕ್ಕಿತು.

"ಅಲ್ಲೇ ಇರ್ಲಿ. ಮತ್ತ ಬೇಕಾಗ್ತೈತಿ."